ನಾನು ನುಂಗುತ್ತಿದ್ದ ಸಾಲು

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಒಂದು ಸಾಲನ್ನು ನಾನು ಹನ್ನೊಂದು ವರ್ಷ ಹೇಳಲಿಲ್ಲ. ಉಳಿದದ್ದನ್ನೆಲ್ಲ ಎಲ್ಲರ ಜೊತೆ ಗಟ್ಟಿಯಾಗಿಯೇ ಹೇಳುತ್ತಿದ್ದೆ. ಅನುದಿನದ ರೊಟ್ಟಿ ಕೇಳುವವರೆಗೆ ನನ್ನ ದನಿ ಇರುತ್ತಿತ್ತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎನ್ನುವ ಕಡೆ ತುಟಿ ಬಿಗಿದುಕೊಳ್ಳುತ್ತಿದ್ದೆ. ಅದು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದೆ.

ಇದು ಬರೀ ಹಟವಲ್ಲ, ಭಯವೂ ಹೌದು. ಆ ಸಾಲನ್ನು ನೀವೇ ಒಮ್ಮೆ ನಿಧಾನವಾಗಿ ಹೇಳಿ ನೋಡಿ. ನಾನು ಕ್ಷಮಿಸಿದಷ್ಟೇ ನನ್ನನ್ನು ಕ್ಷಮಿಸು ಎಂದು ದೇವರಿಗೆ ನಾವೇ ಬಾಯಿಬಿಟ್ಟು ಹೇಳಿಕೊಡುತ್ತೇವೆ. ನಾನಂತೂ ಅಕ್ಕನನ್ನು ಕ್ಷಮಿಸಿರಲಿಲ್ಲ, ಕ್ಷಮಿಸುವ ಉದ್ದೇಶವೂ ಇರಲಿಲ್ಲ. ಸುಳ್ಳು ಹೇಳಿ ಪಾರಾಗೋಣವೆಂದರೆ ಕೇಳಿಸಿಕೊಳ್ಳುವವನು ಅಂಥಿಂಥವನಲ್ಲ. ಆದ್ದರಿಂದ ಆ ಸಾಲು ಬಂದಾಗ ನುಂಗಿಬಿಡುತ್ತಿದ್ದೆ. ದೊಡ್ಡ ಜಾಣತನ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅಕ್ಕ ಮಾಡಿದ್ದು ಇಷ್ಟು. ಅಮ್ಮ ಅವಳ ಮನೆಯಲ್ಲಿದ್ದಳು. ಕೊನೆಯ ಮೂರು ದಿನ ಹಾಸಿಗೆ ಬಿಟ್ಟು ಏಳಲೇ ಇಲ್ಲ. ನಾನಿದ್ದದ್ದು ಅಲ್ಲಿಂದ ಎರಡು ಬಸ್‌ಸ್ಟಾಪ್ ದೂರದಲ್ಲಿ. ಅಕ್ಕ ನನಗೆ ಫೋನ್ ಮಾಡಿದ್ದು ನಾಲ್ಕನೆಯ ದಿನ ಬೆಳಿಗ್ಗೆ. ನಾನು ಹೋದಾಗ ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿ ಆಗಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅಕ್ಕ ಗೋಡೆ ನೋಡಿಕೊಂಡು ನಿಂತಳೇ ಹೊರತು ತುಟಿಪಿಟಕ್ಕೆನ್ನಲಿಲ್ಲ. ಅಂದಿನಿಂದ ನಾನೂ ಅವಳ ಜೊತೆ ಮಾತು ಬಿಟ್ಟೆ. ಇಬ್ಬರೂ ಒಂದೇ ಚರ್ಚಿಗೆ ಹೋಗುತ್ತಿದ್ದೆವು. ಅವಳು ಮುಂದೆ ನಿಂತು ಬೈಬಲ್ ಓದುವವಳು, ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಳ ಉಚ್ಚಾರಣೆಯಲ್ಲಿ ತಪ್ಪು ಹುಡುಕುವವಳು. ಆದರೆ ಅಕ್ಕ ಚೆನ್ನಾಗಿ ಓದುತ್ತಿದ್ದಳು. ಅದಕ್ಕೇ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ನನ್ನ ಕಸುಬು ಹಲ್ಲಿನ ಸೆಟ್ ಕಟ್ಟುವುದು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದೆ ಒಂದೇ ಕಿಟಕಿಯ ಉದ್ದನೆಯ ಕೋಣೆ ನನ್ನದು. ಡಾಕ್ಟರು ಬೊಚ್ಚುಬಾಯಿಗಳ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದರೊಳಗೆ ಪ್ಲಾಸ್ಟರ್ ಸುರಿದು ದವಡೆ ಮಾಡುತ್ತೇನೆ. ಮೇಲಿನದನ್ನೂ ಕೆಳಗಿನದನ್ನೂ ಹಿತ್ತಾಳೆಯ ಒಂದು ಕೀಲುಯಂತ್ರಕ್ಕೆ ಕೂಡಿಸುತ್ತೇನೆ. ಅದನ್ನು ಬಾಯಿಯ ಹಾಗೆ ತೆರೆಯಬಹುದು, ಮುಚ್ಚಬಹುದು. ಆಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ನೆಡುವುದು. ಆ ಮೇಣದ ಸೆಟ್ಟನ್ನು ಡಾಕ್ಟರು ರೋಗಿಯ ಬಾಯಿಗಿಟ್ಟು ನೋಡಿ, ಸರಿಯಿದ್ದರೆ ವಾಪಸು ಕಳಿಸುತ್ತಾರೆ. ಆಗ ಮೇಣ ತೆಗೆದು ಗುಲಾಬಿ ಬಣ್ಣದ ಗಟ್ಟಿ ಪ್ಲಾಸ್ಟಿಕ್ ತುಂಬುತ್ತೇನೆ. ಹಳೆಯ ದವಡೆಗಳನ್ನು ನಾನು ಬಿಸಾಡುವುದಿಲ್ಲ, ಗೋಡೆಯ ಶೆಲ್ಫಿನಲ್ಲಿ ಸಾಲಾಗಿ ಇಟ್ಟಿರುತ್ತೇನೆ. "ನಿಮ್ಮ ಊರಿನ ಜನ ಎಲ್ಲಾ ಆರಾಮಾ, ಮೇಡಂ?" ಎಂದು ಡಾಕ್ಟರು ಆ ಶೆಲ್ಫಿನತ್ತ ನೋಡಿ ಕೇಳುವುದುಂಟು. "ಊಟಕ್ಕೆ ಕೇಳಲ್ಲ, ಚಾಡಿ ಹೇಳಲ್ಲ. ಇಂಥ ಜನ ಎಲ್ಲಿ ಸಿಗ್ತಾರೆ?" ಎನ್ನುತ್ತಿದ್ದೆ.

ಅಚ್ಚುಗಳ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಆ ದಿನ ಬಂದದ್ದು ನಲವತ್ತೇಳು. ಪ್ಲಾಸ್ಟರ್ ಒಣಗಿದ ಮೇಲೆ ಮೇಲ್ದವಡೆಯನ್ನು ಅಂಗೈಯಲ್ಲಿ ಮಗುಚಿ ಹೆಬ್ಬೆರಳಿನಿಂದ ಸವರಿದೆ. ಅಂಗುಳದ ನಡುವೆ ಒಂದು ಗಂಟು ಸಿಕ್ಕಿತು. ಉದ್ದಕ್ಕೆ, ಹುಣಸೆ ಬೀಜದಷ್ಟು, ಎಡಕ್ಕೆ ಕೊಂಚ ವಾಲಿದ್ದು. ಎಷ್ಟೋ ಜನರ ಅಂಗುಳದಲ್ಲಿ ಮೂಳೆ ಹೀಗೆ ಉಬ್ಬಿರುತ್ತದೆ, ಅದೇನೂ ರೋಗವಲ್ಲ. ಆದರೆ ಎಡಕ್ಕೆ ವಾಲಿದ ಈ ಗಂಟು ನನಗೆ ಗೊತ್ತು. ನನ್ನ ನಾಲಿಗೆ ಅರಿಯದೆಯೇ ಮೇಲೆ ಹೋಗಿ ನನ್ನ ಬಾಯೊಳಗಿನ ಅದೇ ಗಂಟನ್ನು ಮುಟ್ಟಿತು. ಅಮ್ಮನಿಗೆ ಅದಿತ್ತು, ನನಗಿದೆ. ಮನೆಯಲ್ಲಿ ಇನ್ನೊಬ್ಬಳಿಗಿದೆ.

ಅಕ್ಕ ಎರಡು ತಿಂಗಳಿಂದ ಚರ್ಚಿನಲ್ಲಿ ಓದಿರಲಿಲ್ಲ. ಬಾಯಿಗೆ ಕರವಸ್ತ್ರ ಹಿಡಿದು ಕೂರುತ್ತಿದ್ದಳು. ಈಗ ಕಾರಣ ತಿಳಿಯಿತು.

ಡಾಕ್ಟರರಿಗೆ ನಮ್ಮ ಸಂಬಂಧ ಗೊತ್ತಿರಲಿಲ್ಲ. ಬೇರೆಯವರ ಹತ್ತಿರ ಮಾಡಿಸಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹನ್ನೊಂದು ವರ್ಷ ಬಾಯಿ ಬಿಡದವಳ ಬಾಯಿ ನನ್ನ ಕೈಗೇ ಬಂದು ಬಿದ್ದಿದೆ, ಬಿಡುವುದುಂಟೆ ಎನಿಸಿತು. ದವಡೆಗಳನ್ನು ಕೀಲಿಗೆ ಕೂಡಿಸಿ, ಮುಚ್ಚಿ, ಮೇಜಿನ ತುದಿಯಲ್ಲಿಟ್ಟೆ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮುಂಚೆ ನಾನು ಆ ಪ್ರಾರ್ಥನೆ ಹೇಳಿಕೊಳ್ಳುವುದು ರೂಢಿ. ಅವತ್ತೂ ಹೇಳಿದೆ. ರೊಟ್ಟಿಯ ಸಾಲು ಮುಗಿಸಿ, ಮುಂದಿನದಕ್ಕೆ ಬಾಯಿ ಮುಚ್ಚಿಕೊಂಡೆ. ಆ ನಿಶ್ಶಬ್ದದಲ್ಲಿ ಟಕ್ ಎಂದಿತು.

ಕಣ್ಣು ತೆರೆದೆ. ನಲವತ್ತೇಳರ ದವಡೆ ತೆರೆದಿತ್ತು. ಹೆಚ್ಚೇನಿಲ್ಲ, ಒಂದು ಬೆರಳು ತೂರುವಷ್ಟು. ಕೀಲು ಸಡಿಲವಿರಬೇಕು ಎಂದು ತಿರುಪು ಬಿಗಿದು ಊಟ ಮಾಡಿದೆ.

ಮರುದಿನ ಮಧ್ಯಾಹ್ನ ಅದೇ ಜಾಗಕ್ಕೆ ಬಂದಾಗ ಮತ್ತೆ ಟಕ್. ಅದರ ಮರುದಿನವೂ. ಬಾಕಿ ಹೊತ್ತಿನಲ್ಲಿ ಅದರ ಮುಂದೆಯೇ ಯಂತ್ರ ತಿರುಗಿಸುತ್ತಿದ್ದೆ, ಮೇಜು ಅಲುಗುತ್ತಿತ್ತು, ಆಗೆಲ್ಲ ಅದು ಮಿಸುಕುತ್ತಿರಲಿಲ್ಲ. ನಾನು ಆ ಸಾಲನ್ನು ನುಂಗಿದಾಗ ಮಾತ್ರ ಬಾಯಿ ತೆರೆಯುತ್ತಿತ್ತು. ನಾಲ್ಕನೆಯ ದಿನ ದಪ್ಪ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕಿ ಬಿಗಿದೆ. ಪ್ರಾರ್ಥನೆ ಶುರು ಮಾಡುವಾಗ ನನಗೆ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಆ ಜಾಗ ಬಂತು. ರಬ್ಬರ್ ಬ್ಯಾಂಡ್ ಕಿತ್ತುಹೋಗಿ ನನ್ನ ಡಬ್ಬಿಯ ಮುಚ್ಚಳದ ಮೇಲೆ ಬಿತ್ತು. ದವಡೆ ನನ್ನತ್ತ ಬಾಯಿ ತೆರೆದು ನಿಂತಿತ್ತು. ಹಲ್ಲಿಲ್ಲದ ಆ ಬಿಳಿ ಬಾಯಿಯೊಳಗೆ, ಕಿಟಕಿಯ ಬೆಳಕು ಬಿದ್ದ ಕಡೆ, ಗಂಟು ಕಾಣುತ್ತಿತ್ತು. ಡಬ್ಬಿ ತೆರೆಯದೆ ಚೀಲಕ್ಕೆ ಹಾಕಿದೆ.

ಇಷ್ಟಾದ ಮೇಲೆ ಯಾರಾದರೂ ಬುದ್ಧಿ ಕಲಿಯುತ್ತಿದ್ದರು. ನನಗೆ ಬಂದದ್ದು ಸಿಟ್ಟು. ಅಮ್ಮ ಸತ್ತಾಗ ಬಾಯಿ ಮುಚ್ಚಿಕೊಂಡಿದ್ದವಳು ಈಗ ಪ್ಲಾಸ್ಟರಿನಲ್ಲಿ ಬಂದು ನನಗೆ ಉಪದೇಶ ಮಾಡುತ್ತಾಳೋ ಎಂದು ಹಲ್ಲು ಕಡಿದೆ. ಅಷ್ಟರಲ್ಲಿ ಅವಳ ಮೇಣದ ಸೆಟ್ ಡಾಕ್ಟರರ ಬಳಿ ಹೋಗಿ, ಸರಿಯಾಗಿದೆ ಎನಿಸಿಕೊಂಡು ವಾಪಸು ಬಂದಿತ್ತು. ಇನ್ನು ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ನಾನು ಚಾಕುವಿನ ತುದಿ ಕಾಯಿಸಿ ಮೇಲಿನ ಮುಂದಿನೆರಡು ಹಲ್ಲುಗಳ ಬುಡದ ಮೇಣ ಕರಗಿಸಿದೆ. ಎರಡನ್ನೂ ಒಂದು ಕೂದಲಿನಷ್ಟು ದೂರ ಸರಿಸಿದೆ. ನೋಡಿದವರಿಗೆ ಗೊತ್ತಾಗುವುದಿಲ್ಲ. ಆದರೆ ಸ ಎಂದಾಗಲೆಲ್ಲ ಆ ಸಂದಿಯಿಂದ ಸಿಳ್ಳೆ ಬರುತ್ತದೆ. ಚರ್ಚಿನಲ್ಲಿ ಮುಂದೆ ನಿಂತು ಸಿಳ್ಳೆ ಹೊಡೆಯಲಿ, ಜನ ಮುಸಿಮುಸಿ ನಗಲಿ, ನೋಡೋಣ.

ಈ ಕೀಟಲೆ ನನಗೆ ಗೊತ್ತಾದದ್ದು ನನ್ನದೇ ತಪ್ಪಿನಿಂದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನು ಕಟ್ಟಿದ ಮೊದಲ ಸೆಟ್ ಅಮ್ಮನದು. ಅದರಲ್ಲಿ ಇಂಥದೇ ಸಂದು ಉಳಿದುಬಿಟ್ಟಿತ್ತು. ಅಮ್ಮ ಸಾಯುವವರೆಗೂ ಸಿಳ್ಳೆಯಲ್ಲೇ ಮಾತಾಡಿದಳು. ಸರಿ ಮಾಡಿಕೊಡುತ್ತೇನೆ ಎಂದು ಎಷ್ಟು ಬೇಡಿದರೂ ಕೊಡಲಿಲ್ಲ. "ನನ್ನ ಸಣ್ಣೋಳು ಕಟ್ಟಿದ್ದು, ಹೀಗೇ ಇರಲಿ" ಎನ್ನುತ್ತಿದ್ದಳು. ನನ್ನನ್ನು ಅಮ್ಮ ಕರೆಯುತ್ತಿದ್ದದ್ದೇ ಸಣ್ಣೋಳು ಎಂದು. ಅದೇ ಅಂಗುಳ, ಅದೇ ಸಂದು. ಎರಡನ್ನೂ ಕೂಡಿಸಿ ಯೋಚಿಸುವಷ್ಟು ವ್ಯವಧಾನ ಆಗ ನನಗಿರಲಿಲ್ಲ.

ಸಂದು ಮಾಡಿದ ದಿನ ಮಧ್ಯಾಹ್ನ ಆ ಸಾಲು ನುಂಗಿದಾಗ ಟಕ್ ಎನ್ನಲಿಲ್ಲ. ದವಡೆ ಮುಚ್ಚಿಯೇ ಇತ್ತು. ಬೇಕಾದದ್ದು ಸಿಕ್ಕಿತೆಂಬಂತೆ ಸುಮ್ಮನಿತ್ತು. ಅದನ್ನು ನೋಡಿ ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಆದರೂ ಸೆಟ್ ಮುಗಿಸಿ, ಹೊಳಪು ಕೊಟ್ಟು, ನೀರಿನ ಡಬ್ಬಿಯಲ್ಲಿ ಹಾಕಿ ಕಳಿಸಿದೆ.

ಭಾನುವಾರ ಅಕ್ಕ ಎದ್ದು ಮುಂದೆ ಹೋದಳು. ಕನ್ನಡಕ ಹಾಕಿಕೊಂಡು ಪುಟ ತೆರೆದಳು. ನಾನು ಬೆಂಚಿನ ತುದಿಗೆ ಸರಿದು ಕೂತೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಶಿಷ್ಯನೊಬ್ಬ ಕೇಳಿ, ಏಳಲ್ಲ ಏಳೆಪ್ಪತ್ತು ಸಲ ಎಂದು ಯೇಸು ಹೇಳುವ ಭಾಗ ಅವತ್ತಿನದು. ಅಕ್ಕ ಬಾಯಿ ತೆರೆದಳು.

ಅಮ್ಮ ಓದತೊಡಗಿದಳು.

ಬೇರೆ ಹೇಗೆ ಹೇಳಲಿ? ನಿಂತವಳು ಅಕ್ಕ, ಬೆರಳು ಅಕ್ಕನದು, ದನಿ ಅಮ್ಮನದು. ಸಿಳ್ಳೆ ಮಾತ್ರವಲ್ಲ, ಸಾಲಿನ ಕೊನೆಗೆ ಉಸಿರು ಎಳೆದುಕೊಳ್ಳುವುದು, ದೊಡ್ಡ ಪದಕ್ಕೆ ಮುಂಚೆ ಚೂರು ತಡೆಯುವುದು, ಎಲ್ಲ ಅವಳದೇ. ಯಾರೂ ನಗಲಿಲ್ಲ. ಅಮ್ಮನನ್ನು ಬಲ್ಲ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಪಕ್ಕದವಳ ಕೈ ಹಿಡಿದುಕೊಂಡಳು. ಅಕ್ಕ ನಡುವೆ ನಿಂತು, ತನ್ನ ಗಂಟಲು ಮುಟ್ಟಿ ನೋಡಿಕೊಂಡು, ಮತ್ತೆ ಓದಿ ಮುಗಿಸಿದಳು. ಅವಳ ಮುಖ ಸುಣ್ಣ ಬಳಿದಂತಾಗಿತ್ತು.

ಆಮೇಲೆ ಎಲ್ಲರೂ ಎದ್ದು ಆ ಪ್ರಾರ್ಥನೆ ಹೇಳಿದೆವು. ನನ್ನ ಸಾಲು ಬಂದಾಗ ಅಭ್ಯಾಸದಂತೆ ತುಟಿ ಬಿಗಿದೆ. ಇಡೀ ಚರ್ಚಿನ ದನಿಯ ನಡುವೆ, ನನ್ನ ಕಿವಿಯ ಪಕ್ಕದಲ್ಲೇ, ಸಿಳ್ಳೆ ಬೆರೆತ ಒಂದು ಕ್ಷಮಿಸು ಕೇಳಿಸಿತು. ಅಕ್ಕ ಇದ್ದದ್ದು ಹತ್ತು ಬೆಂಚು ಮುಂದೆ.

ಸೋಮವಾರ ಹತ್ತು ಗಂಟೆಗೆ ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಗಂಟು ಕಟ್ಟಿದ ಕರವಸ್ತ್ರ. ಬಾಯಿ ಬೊಚ್ಚು. ಹನ್ನೊಂದು ವರ್ಷದಲ್ಲಿ ಎಷ್ಟು ಮುದುಕಿಯಾಗಿದ್ದಾಳೆ ಎಂದು ಹತ್ತಿರದಿಂದ ನೋಡಿದಾಗ ತಿಳಿಯಿತು. ಕೂರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಸ್ಟೂಲನ್ನು ಕಾಲಿನಿಂದ ಅತ್ತ ತಳ್ಳಿದೆ. ಅವಳು ಕೂತು ಕರವಸ್ತ್ರ ಬಿಚ್ಚಿದಳು.

"ಇದನ್ನ ಕಟ್ಟಿದ್ದು ನೀನೇ ತಾನೆ?"

"ಹೂಂ."

"ಬಾಯಿಗೆ ಹಾಕ್ಕೊಂಡ ತಕ್ಷಣ ಗೊತ್ತಾಯ್ತು." ಹಲ್ಲಿಲ್ಲದ ಮಾತು ಮೆತ್ತಗೆ, ಗಾಳಿ ಬೆರೆತು ಬರುತ್ತಿತ್ತು. "ಇದು ನನ್ನ ಮಾತು ಆಡ್ತಿಲ್ಲ ಕಣೆ. ಅಂಗಡಿಗೆ ಹೋಗಿ ಸೋಪು ಕೊಡಿ ಅನ್ನೋಕೆ ಬಾಯಿ ತೆಗೆದ್ರೆ ಬೇರೆ ಏನೋ ಬರುತ್ತೆ. ಅಂಗಡಿಯವನು ನನ್ನ ಹಿಂದೆ ಎಲ್ಲಾ ಹುಡುಕಿ, ಯಾರೂ ಬಂದಿಲ್ಲವಲ್ಲಮ್ಮ ಅಂದ."

"ಏನು ಬರುತ್ತೆ?"

ಅಕ್ಕ ಕರವಸ್ತ್ರದ ಅಂಚು ಮಡಿಸುತ್ತ, ಬಿಚ್ಚುತ್ತ ಕೂತಳು. ನನಗೆ ತಡೆಯಲಾಗಲಿಲ್ಲ.

"ನಾನು ಬೇಕು ಅಂತಲೇ ಸಂದು ಬಿಟ್ಟೆ ಅಕ್ಕ. ನೀನು ಎಲ್ಲರೆದುರು ಸಿಳ್ಳೆ ಹೊಡೀಲಿ, ಜನ ನಗಲಿ ಅಂತ."

"ಗೊತ್ತು. ನೀನು ಬೇರೆಯವರ ಹಲ್ಲಲ್ಲಿ ಇಂಥ ತಪ್ಪು ಮಾಡೋಳಲ್ಲ." ಅವಳು ಸೆಟ್ಟನ್ನು ಬೆರಳಿನಿಂದ ತಿರುಗಿಸಿದಳು. "ಅಮ್ಮ ಮೂರು ದಿನವೂ ಅದೊಂದೇ ಕೇಳಿದ್ದು. ಸಣ್ಣೋಳು ಬಂದ್ಲಾ? ಕಣ್ಣು ಬಿಟ್ರೆ ಸಣ್ಣೋಳು ಬಂದ್ಲಾ? ನೀರು ಕುಡಿಸಿದ್ರೆ ಸಣ್ಣೋಳು ಬಂದ್ಲಾ? ಅದೇ ಈಗ ನನ್ನ ಬಾಯಿಂದ ಬರ್ತಿದೆ."

ನಾನು ಮೇಜಿನ ಮೇಲೆ ಬಾಗಿದೆ. "ಕೇಳಿದ್ಲಾ? ನನ್ನನ್ನ ಕೇಳಿದ್ಲಾ? ಕೇಳ್ತಿದ್ರೂ ನೀನು ಕರೀಲಿಲ್ವಾ?"

"ಕರೀಲಿಲ್ಲ."

"ಎರಡು ಸ್ಟಾಪ್ ಅಕ್ಕ! ಎರಡೇ ಎರಡು ಸ್ಟಾಪ್!"

"ಎರಡೇ ಸ್ಟಾಪ್ ಇತ್ತಲ್ಲ, ನಾಲ್ಕು ತಿಂಗಳು ನೀನು ಯಾಕೆ ಬಂದಿರಲಿಲ್ಲ?" ಅವಳೂ ದನಿ ಏರಿಸಿದಳು. ಕೆಲಸ, ಕೆಲಸ ಎಂದು ಹೇಳಿಕೊಂಡು ನಾನು ಹೋಗಿರಲಿಲ್ಲ, ಅದು ನಿಜ. ಹನ್ನೊಂದು ವರ್ಷ ಅದನ್ನು ನಾನು ನೆನಪಿನಿಂದ ಆಚೆ ಇಟ್ಟಿದ್ದೆ.

ಅಕ್ಕ ಅಳುತ್ತಿದ್ದಳು. "ಏಳು ವರ್ಷ ನೋಡ್ಕೊಂಡೋಳು ನಾನು. ತಿನ್ನಿಸಿದ್ದು ನಾನು, ಬಟ್ಟೆ ಬದಲಿಸಿದ್ದು ನಾನು. ಪಕ್ಕದಲ್ಲೇ ಕೈ ಹಿಡ್ಕೊಂಡು ಕೂತಿದೀನಿ, ಆದ್ರೂ ನಿನ್ನನ್ನೇ ಕೇಳ್ತಾಳೆ. ಒಂದೇ ಒಂದು ಸಲ ನನ್ನನ್ನೂ ಕರೀಲಿ, ಆಮೇಲೆ ಫೋನ್ ಮಾಡ್ತೀನಿ ಅಂತ ಕೂತೆ. ಮೂರು ದಿನ ಕಾದೆ ಕಣೆ. ಕರೀಲೇ ಇಲ್ಲ. ಇದನ್ನ ನಿನ್ನ ಹತ್ತಿರ ಹೇಗೆ ಹೇಳ್ಲಿ? ನನ್ನನ್ನ ಕ್ಷಮಿಸು ಅಂತ ಕೇಳೋಕೂ ನಾಚಿಕೆ."

ನನಗೆ ಅವಳನ್ನು ಹೊಡೆಯಬೇಕು ಎನಿಸಿತು. ಅದೇ ಹೊತ್ತಿಗೆ ಆ ಕೋಣೆ, ಆ ಮಂಚ, ಅಮ್ಮನ ಕೈ ಹಿಡಿದು ತನ್ನ ಹೆಸರಿಗಾಗಿ ಕಾಯುತ್ತ ಕೂತ ಅವಳು, ಎಲ್ಲ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ನಾನು ದ್ವೇಷಿಸಿದ್ದು ನನಗೇನೂ ಗೊತ್ತಿಲ್ಲದ ಒಬ್ಬ ಹೆಂಗಸನ್ನು.

"ಸರಿ ಮಾಡಿಕೊಡು," ಎಂದಳು ಅಕ್ಕ, ಸೆಟ್ಟನ್ನು ನನ್ನತ್ತ ಸರಿಸಿ. "ನನಗೆ ಇದನ್ನ ಹೊರೋಕೆ ಆಗ್ತಿಲ್ಲ."

ಎರಡು ಹಲ್ಲು ಕಿತ್ತು ಮತ್ತೆ ಕೂರಿಸುವುದು ಅಂಥ ದೊಡ್ಡ ಕೆಲಸವಲ್ಲ, ಒಂದು ಗಂಟೆ ಸಾಕು. ಆದರೆ ಸಂದು ಮುಚ್ಚಿದರೆ ಅಮ್ಮನ ದನಿ ಹೋಗುತ್ತದೆ. ಲೋಕದಲ್ಲಿ ಅದು ಇನ್ನೆಲ್ಲೂ ಇಲ್ಲ. ಮುಚ್ಚದಿದ್ದರೆ ಅಕ್ಕ ಬಾಯಿ ತೆರೆದಾಗಲೆಲ್ಲ ತನ್ನನ್ನು ಕರೆಯದ ಅಮ್ಮ ನನ್ನನ್ನು ಕರೆಯುವುದನ್ನು ತಾನೇ ಹೇಳುತ್ತಿರಬೇಕು. ಇದಕ್ಕಿಂತ ಕಠಿಣ ಶಿಕ್ಷೆಯನ್ನು ನಾನು ಹನ್ನೊಂದು ವರ್ಷ ಕೂತು ಯೋಚಿಸಿದರೂ ಕಟ್ಟಲು ಆಗುತ್ತಿರಲಿಲ್ಲ. ಅದು ನನ್ನ ಕೈಯಲ್ಲಿತ್ತು, ಇನ್ನೂ ಒದ್ದೆಯಾಗಿ. ಸಂದನ್ನು ಹಾಗೇ ಇಟ್ಟುಕೊಳ್ಳಬೇಕೆಂಬ ಆಸೆ ನನಗಾಯಿತು. ಆಗಲಿಲ್ಲವೆಂದರೆ ಅದು ಸುಳ್ಳು.

"ಒಂದು ಸಲ ಹಾಕ್ಕೋ," ಎಂದೆ. "ಒಂದೇ ಸಲ. ನನಗೋಸ್ಕರ."

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಸೆಟ್ಟನ್ನು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಳು. ಹೊರಗೆ ಬಸ್ಸೊಂದು ಹೋಯಿತು. ಶೆಲ್ಫಿನ ಮೇಲೆ ನನ್ನ ಊರಿನ ಜನವೆಲ್ಲ ಸುಮ್ಮನಿದ್ದರು. ಅಕ್ಕನ ತುಟಿ ಅಲುಗಿತು.

"ಸಣ್ಣೋಳು ಬಂದ್ಲಾ?"

ಸಿಳ್ಳೆ, ಆಮೇಲೆ ಆ ಉಸಿರು.

"ಬಂದೆ ಅಮ್ಮ," ಎಂದೆ. "ತಡ ಆಯ್ತು. ದೊಡ್ಡೋಳು ಇಲ್ಲೇ ಇದ್ದಾಳೆ, ನಿನ್ನ ಪಕ್ಕದಲ್ಲೇ. ಯಾವಾಗ್ಲೂ ಇದ್ಲು."

ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಅಕ್ಕನದೋ ಅಮ್ಮನದೋ ನಾನು ಕೇಳಲಿಲ್ಲ. ಮತ್ತೆ ಆ ತುಟಿ ಏನೋ ಹೇಳಲು ಅಲುಗಿತು, ದನಿ ಬರಲಿಲ್ಲ. ನಾನು ಕೈಯೊಡ್ಡಿದೆ. ಅಕ್ಕ ಸೆಟ್ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಆಗ ಅವಳ ಬೆರಳನ್ನು ಹಿಡಿದುಕೊಂಡೆ, ಸ್ವಲ್ಪ ಹೊತ್ತು ಬಿಡಲಿಲ್ಲ.

ಹಲ್ಲುಗಳನ್ನು ಬಿಡಿಸಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿ ಕಲೆಸಿ, ಸಂದು ಉಳಿಯದಂತೆ ಒತ್ತಿ ಕೂರಿಸಿದೆ. ಅದು ಗಟ್ಟಿಯಾಗುವವರೆಗೆ ನನ್ನ ಡಬ್ಬಿಯ ಅನ್ನವನ್ನು ಇಬ್ಬರೂ ತಿಂದೆವು. ಅವಳಿಗೆ ಮೆತ್ತಗೆ ಹಿಸುಕಿ ಕೊಟ್ಟೆ. ತಿನ್ನುವ ಮುಂಚೆ ಪ್ರಾರ್ಥನೆ ಹೇಳಿದೆವು. ಆ ಸಾಲು ಬಂದಾಗ ಅಕ್ಕ ಹೇಳದೆ ನಿಲ್ಲಿಸಿ ನನ್ನ ಮುಖ ನೋಡಿದಳು. ಹಿಂದಿನ ಬೆಂಚಿನಲ್ಲಿ ನಾನು ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಇಷ್ಟು ವರ್ಷ ಗೊತ್ತಿತ್ತು. ಪದಗಳು ಒಂದೊಂದಾಗಿ, ಬೇರೆ ಯಾರೋ ನೆಟ್ಟ ಹಾಗೆ, ಸೊಟ್ಟಸೊಟ್ಟವಾಗಿ ಬಂದವು. ಅಂತೂ ಬಂದವು.

ಅದೆಲ್ಲ ಮುಗಿಯಿತು, ಅಕ್ಕತಂಗಿ ಸುಖವಾಗಿದ್ದಾರೆ ಎಂದು ನಾನು ಹೇಳುವುದಿಲ್ಲ. ಅಕ್ಕ ಈಗ ತನ್ನ ದನಿಯಲ್ಲೇ ಓದುತ್ತಾಳೆ, ಉಚ್ಚಾರಣೆ ಎಲ್ಲಾ ಸರಿ. ಬುಧವಾರ ಬಂದು ನನ್ನ ಜೊತೆ ಊಟ ಮಾಡುತ್ತಾಳೆ, ಉಪ್ಪು ಕಡಿಮೆ ಎನ್ನುತ್ತಾಳೆ. ಅವಳನ್ನು ಒಮ್ಮೆ ಕ್ಷಮಿಸಿದರೆ ಕ್ಷಮಿಸಿ ಆಯಿತು ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಹಲ್ಲು ನೆಡುತ್ತ ಕೂತಾಗ ಆ ಮೂರು ದಿನ ನೆನಪಾಗಿ ಅದೇ ಸಿಟ್ಟು ಹೊಸದಾಗಿ ಉಕ್ಕಿ ಬಂತು. ಹಾಗಾಗಿ ಮಧ್ಯಾಹ್ನ ಮತ್ತೆ ಹೇಳಿದೆ. ಅದರ ಮರುದಿನವೂ. ಕೆಲವು ದಿನ ಸಲೀಸಾಗಿ ಬರುತ್ತದೆ, ಕೆಲವು ದಿನ ಕಲ್ಲು ಎತ್ತಿದ ಹಾಗೆ.

ನಲವತ್ತೇಳರ ದವಡೆಯನ್ನು ಕೀಲಿನಿಂದ ಬಿಡಿಸಲಿಲ್ಲ. ಮುಚ್ಚಿ ಶೆಲ್ಫಿನ ಮೇಲಿಟ್ಟಿದ್ದೇನೆ. ಇವತ್ತು ಅಕ್ಕ ಫೋನಿನಲ್ಲಿ ಏನೋ ಅಂದಳು, ಮೈ ಉರಿದುಹೋಯಿತು. ಡಬ್ಬಿ ಮುಂದಿಟ್ಟುಕೊಂಡು ಪ್ರಾರ್ಥನೆ ಶುರು ಮಾಡಿದೆ, ರೊಟ್ಟಿಯ ಸಾಲು ಮುಗಿಸಿದೆ, ಮುಂದೆ ನಾಲಿಗೆ ಏಳಲಿಲ್ಲ. ಕೋಣೆಯಲ್ಲಿ ಸದ್ದಿಲ್ಲ.

ಶೆಲ್ಫಿನ ಮೇಲೆ ಟಕ್ ಎಂದಿತು.

"ಹೇಳ್ತೀನಿ, ತಾಳಮ್ಮ," ಎಂದೆ. "ಇನ್ನೂ ಬಾಯಿಗೆ ಬರ್ತಿದೆ."